ಚಂದಾ ಮುಗಿದ ಮೇಲೆ

ಲೈಬ್ರರಿಯ ಕಂಪ್ಯೂಟರಿನಲ್ಲಿ ಅರ್ಧ ಓದಿಟ್ಟಿದ್ದ ಲೇಖನವೊಂದಕ್ಕೆ ಎರಡು ತಿಂಗಳ ನಂತರ ಮರಳಿದರೆ ಪುಟವೇ ತೆರೆಯಲಿಲ್ಲ. ನವ್ಯದ ಕಾಲದ ಕನ್ನಡ ಸಾಹಿತ್ಯ ಪತ್ರಿಕೆಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಲೇಖನ ಬೇಕೇ ಬೇಕಿತ್ತು. ಲೈಬ್ರರಿಯನ್ ಸರ್ ಅವರನ್ನು ಕೇಳಿದೆ. “ಚಂದಾ ಮುಗೀತಲ್ಲಮ್ಮಾ” ಎಂದರು. ಹೊಸ ಸಂಚಿಕೆ ಬರುವುದಿಲ್ಲ, ಸರಿ. ಹಣ ಕೊಟ್ಟಿದ್ದ ಹಳೆಯವು? “ಅವೂ ಇಲ್ಲ.” ಅದೇ ಪತ್ರಿಕೆಯ ಇನ್ನೂ ಹಳೆಯ, ಬೈಂಡ್ ಮಾಡಿಸಿದ ಸಂಪುಟಗಳು ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇದ್ದವು, ಯಾವ ಚಂದಾದ ಹಂಗೂ ಇಲ್ಲದೆ.

ಇ-ಜರ್ನಲ್‌ಗಳನ್ನು ಗ್ರಂಥಾಲಯದ ‘ಸಂಗ್ರಹ’ ಎಂದು ಕರೆಯುವುದರ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಲೇಖನ ಇರುವುದು ಪ್ರಕಾಶಕರ ಸರ್ವರಿನಲ್ಲಿ. ನಮ್ಮ ಕ್ಯಾಂಪಸ್ಸಿನ ಐಪಿ ವಿಳಾಸವನ್ನೋ ಲಾಗಿನ್ನನ್ನೋ ಅದು ಒಪ್ಪುವವರೆಗೆ ಬಾಗಿಲು ತೆರೆದಿರುತ್ತದೆ. ಹಣ ಕೊಟ್ಟ ವರ್ಷಗಳ ಸಂಚಿಕೆಗಳು ಮುಂದೆಯೂ ಸಿಗಬೇಕೆಂಬ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ, ಅದು ಬಾಡಿಗೆ ಮನೆಯೇ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸಣ್ಣ ಊರಿನ ಸರ್ಕಾರಿ ಕಾಲೇಜಿನವರೂ ಇವನ್ನು ಓದುವಂತಾಗುವುದು ದೊಡ್ಡ ಮಾತೇ, ಅದನ್ನು ಹಗುರ ಮಾಡಲಾರೆ. ಆದರೆ 2027 ಕಳೆದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದೇನು ಎಂದು ಈಗಲೇ ಕೇಳಬೇಕು.

ಬೇರೆ ದಾರಿ ಇಲ್ಲವೆಂದೇನಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾದ ‘ಲಾಕ್ಸ್’ ಎಂಬ ವ್ಯವಸ್ಥೆಯ ಹೆಸರಿನ ಅರ್ಥವೇ ‘ಪ್ರತಿಗಳು ಹೆಚ್ಚಿದ್ದರೆ ಉಳಿಯುತ್ತದೆ’ ಎಂದು. ಪ್ರಕಾಶಕರ ಒಪ್ಪಿಗೆ ಪಡೆದು ಒಂದೊಂದು ಗ್ರಂಥಾಲಯವೂ ತನ್ನದೇ ಯಂತ್ರದಲ್ಲಿ ಪ್ರತಿ ಇಟ್ಟುಕೊಳ್ಳುತ್ತದೆ. ಆ ಯಂತ್ರಗಳು ತಂತಮ್ಮ ಪ್ರತಿಗಳನ್ನು ತಾಳೆ ನೋಡಿ, ಕೆಟ್ಟದ್ದನ್ನು ಸರಿಪಡಿಸುತ್ತವೆ. ನಮಗಿದು ಹೊಸತೇ? ಫ.ಗು. ಹಳಕಟ್ಟಿಯವರಿಗೆ ವಚನಗಳ ಓಲೆಗರಿಗಳು ಸಿಕ್ಕಿದ್ದು ಅವು ಹತ್ತಾರು ಮನೆ, ಮಠಗಳಲ್ಲಿ ಚದುರಿ ಉಳಿದಿದ್ದರಿಂದ.

ಇನ್ನು ನನ್ನ ಅಧ್ಯಯನದ ಪತ್ರಿಕೆಗಳು. ಅಡಿಗರ ‘ಸಾಕ್ಷಿ’ಯಾಗಲಿ ಧಾರವಾಡದ ‘ಸಂಕ್ರಮಣ’ವಾಗಲಿ ಆ ದೊಡ್ಡ ಪ್ರಕಾಶಕರ ಬಾಗಿಲೊಳಗೆ ಎಂದೂ ಇದ್ದವಲ್ಲ. ಕೆಲವು ಸಂಚಿಕೆಗಳು ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ ಅಟ್ಟದ ಮೇಲೆ. ಎರಡರ ರಕ್ಷಾಪುಟವನ್ನು ಗೆದ್ದಲು ತಿಂದಿತ್ತು. ಮೂರು ದಿನ ಕೂತು ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಗೆಳತಿಯರಿಬ್ಬರ ಹಾರ್ಡ್‌ಡಿಸ್ಕಿನಲ್ಲೂ ಪ್ರತಿ ಇಟ್ಟೆ, ಬಡವರ ಲಾಕ್ಸ್!

ಇನ್ನೊಂದು ಪ್ರತಿ ಲೈಬ್ರರಿಯಲ್ಲೂ ಇರಲೆಂದು ಪೆನ್‌ಡ್ರೈವ್ ಒಯ್ದೆ. ಸರ್ ಸಂತೋಷದಿಂದಲೇ ತೆಗೆದುಕೊಂಡು ನೋಂದಾಯಿಸಲು ಕೂತರು. ಇ-ಸಂಪನ್ಮೂಲದ ಅರ್ಜಿಯಲ್ಲಿ ಎರಡು ಖಾನೆ ತುಂಬದೆ ಮುಂದಕ್ಕೆ ಹೋಗಲಿಲ್ಲ: ಸರಬರಾಜುದಾರರ ಹೆಸರು, ಚಂದಾ ಮುಗಿಯುವ ದಿನಾಂಕ. ಪೆನ್‌ಡ್ರೈವ್ ಇನ್ನೂ ಅವರ ಮೇಜಿನ ಡ್ರಾಯರಿನಲ್ಲಿದೆ.