ಹಿಡಿದಿಡುವ ಕೈ, ದಾಟಿಸುವ ಕೈ

ಆಟಕ್ಕೆ ಮುನ್ನ ತಲೆಬಾಗಿ ಪ್ರಾರ್ಥಿಸುವ ತಂಡವೆಲ್ಲ ವಿಶ್ವಾಸದ ತಂಡವೇ? ಗೆದ್ದ ಆಟಗಾರನೊಬ್ಬ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ದೂರದರ್ಶನದಲ್ಲಿ ಕಂಡಾಗ ನಮ್ಮ ಮನಸ್ಸು ಹಿಗ್ಗುವುದು ಸಹಜ. ಆದರೆ ವಿಶ್ವಾಸವು ಆಟದ ಹೊರಗಿನ ಅಲಂಕಾರವೋ, ಒಳಗಿನ ನಡೆಯೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಸಂಬಂಧಿಸಿದ ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಈ ಪ್ರಶ್ನೆ ತಿಳಿಯಾಗುತ್ತದೆ. ಒಂದು, ಜೇಮ್ಸ್ ನೈಸ್ಮಿತ್ 1891ರಲ್ಲಿ ಬರೆದ ಹದಿಮೂರು ನಿಯಮಗಳು. ಇನ್ನೊಂದು, ಕಾಲೇಜು ತರಬೇತುದಾರ ಜಾನ್ ವುಡನ್ 1948ರಲ್ಲಿ ಪೂರ್ಣಗೊಳಿಸಿದ ‘ಯಶಸ್ಸಿನ ಪಿರಮಿಡ್’.

ಕೆನಡಾದಲ್ಲಿ 1861ರಲ್ಲಿ ಜನಿಸಿದ ನೈಸ್ಮಿತ್ ದೈವಶಾಸ್ತ್ರ ಓದಿದವರು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿದ್ದಾಗ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸಬೇಕೆಂದು ಹಿರಿಯರು ಅವರಿಗೆ ಹೇಳಿದರು. ಕೊಟ್ಟ ಅವಧಿ ಎರಡೇ ವಾರ. ಅವರು ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, ಹದಿನೆಂಟು ವಿದ್ಯಾರ್ಥಿಗಳನ್ನು ಒಂಬತ್ತರಂತೆ ಎರಡು ತಂಡ ಮಾಡಿ ಆಡಿಸಿದರು.

ಆ ಹದಿಮೂರು ನಿಯಮಗಳಲ್ಲಿ ದೇವರ ಹೆಸರಿಲ್ಲ, ನೀತಿಬೋಧೆಯೂ ಇಲ್ಲ. ಆದರೆ ಮೂರನೆಯ ನಿಯಮವನ್ನು ನೋಡಿ: ಚೆಂಡು ಹಿಡಿದವನು ಅದರೊಡನೆ ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಅಂದರೆ ಎಷ್ಟೇ ಬಲಶಾಲಿಯಾದರೂ ತಾನು ಹೋಗಲಾಗದ ಕಡೆಗೆ ಇನ್ನೊಬ್ಬನ ಮೂಲಕವೇ ಚೆಂಡು ಹೋಗಬೇಕು. ತಳ್ಳುವುದು, ಎಡವಿಸುವುದು, ಹಿಡಿದೆಳೆಯುವುದು ನಿಷಿದ್ಧ. ಎದುರಾಳಿಗಳು ತಪ್ಪದೆ ಇರುವಾಗ ಒಂದು ತಂಡ ಸತತ ಮೂರು ತಪ್ಪು ಮಾಡಿದರೆ, ಅದು ಎದುರಾಳಿಗೆ ಗೋಲಾಗುತ್ತದೆ. ಒಬ್ಬನ ತಪ್ಪಿನ ಭಾರವನ್ನು ಎಲ್ಲರೂ ಹೊರಬೇಕು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ದೇಹ ಮತ್ತು ಅಂಗಗಳ ಕುರಿತು ಕಲಿಸುವುದನ್ನು ಬಲ್ಲ ನಮಗೆ ಈ ನಿಯಮಗಳು ಅಪರಿಚಿತವೆನಿಸುವುದಿಲ್ಲ.

ವುಡನ್ ಅವರದು ಬೇರೆ ದಾರಿ. ನಿಷ್ಠಾವಂತ ಕ್ರೈಸ್ತರಾಗಿದ್ದ ಅವರ ತರಬೇತಿಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ತಂಡ 1964ರಿಂದ 1975ರವರೆಗೆ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಬುಟ್ಟಿಗೆ ಚೆಂಡು ಹಾಕಿದವನು, ಅದನ್ನು ತನಗೆ ದಾಟಿಸಿದವನತ್ತ ಸನ್ನೆ ಮಾಡಿ ಕೃತಜ್ಞತೆ ತಿಳಿಸಬೇಕೆಂಬುದು ಅವರ ಕಟ್ಟುನಿಟ್ಟು. ಇದು ಮೆಚ್ಚತಕ್ಕ ಶಿಸ್ತು. ಅವರ ಪಿರಮಿಡ್‌ನಲ್ಲಿ ಹದಿನೈದು ಗುಣಗಳಿವೆ. ದುಡಿಮೆ, ಸ್ನೇಹ, ನಿಷ್ಠೆ ಬುನಾದಿಯಲ್ಲಿವೆ. ತಂಡಭಾವನೆ ನಡುವೆ ಇದೆ. ನೆತ್ತಿಯ ಕಲ್ಲು ಸ್ಪರ್ಧೆಯ ಹಿರಿಮೆ.

ಇಲ್ಲಿ ಒಂದು ಆಕ್ಷೇಪಣೆ ಸಲ್ಲುತ್ತದೆ. ತಂಡಭಾವನೆ ಮೇಲೇರುವ ಮೆಟ್ಟಿಲಾದರೆ, ಮೇಲೇರಿದವನಿಗೆ ಆ ಮೆಟ್ಟಿಲು ಇನ್ನೂ ಬೇಕೇ? ತನ್ನ ಶಕ್ತಿಮೀರಿ ಪ್ರಯತ್ನಿಸಿದೆನೆಂಬ ಮನಶ್ಶಾಂತಿಯೇ ಯಶಸ್ಸು ಎಂದರು ವುಡನ್. ಅದು ಅಂಕಪಟ್ಟಿಗಿಂತ ದೊಡ್ಡ ಮಾತು, ನಿಜ. ಆದರೂ ಆ ಶಾಂತಿ ಒಬ್ಬಂಟಿ ಆತ್ಮದ್ದು. ಬೆಂಚಿನ ಮೇಲೆ ಕುಳಿತ ಸೋದರನ ನೋವಿಗೆ ಅದರಲ್ಲಿ ಸ್ಥಳವೆಲ್ಲಿ? ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ತಂಡದ ತರಬೇತುದಾರರಾಗಿ 55 ಪಂದ್ಯ ಗೆದ್ದು 60 ಸೋತರು. ಆದರೆ ಗುಣವನ್ನು ಬೋಧಿಸುವ ಬದಲು, ಒಬ್ಬರಿಗೊಬ್ಬರು ಬೇಕಾಗುವಂತೆ ಅವರು ಆಟವನ್ನೇ ಕಟ್ಟಿದ್ದರು. ನನ್ನ ತೂಕದಲ್ಲಿ ಅದೇ ಹೆಚ್ಚು.

ಇಂದು ಕಾಲ ಬದಲಾಗಿದೆ. ಅಮೆರಿಕದ ಕಾಲೇಜು ಆಟಗಾರರು 2021ರ ಜುಲೈನಿಂದ ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಅವರಿಗೆ ಹಣ ಕೊಡಬಹುದು. ದುಡಿದವನಿಗೆ ಪಾಲು ಸಿಗುವುದು ನ್ಯಾಯವೇ. ಆದರೆ ಹೆಸರಿಗೆ ಬೆಲೆ ಕಟ್ಟಿದ ಮೇಲೆ, ಹೆಸರಿಲ್ಲದೆ ಚೆಂಡು ದಾಟಿಸುವವನನ್ನು ಗುರುತಿಸುವವರು ಯಾರು?

ಇದು ದೂರದೇಶದ ಚಿಂತೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪದವಿ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿವೆ. ಅಂತರ ಕಾಲೇಜು ಪಂದ್ಯದ ಪ್ರಮಾಣಪತ್ರ, ಕ್ರೀಡಾ ಕೋಟಾದ ಸೀಟು, ಇವು ಬಯಲುಸೀಮೆಯ ಬಡ ಮನೆಗೆ ಸಣ್ಣ ಆಸೆಗಳಲ್ಲ. ಆದುದರಿಂದಲೇ ಮಗ ಅಥವಾ ಮಗಳು ಎದ್ದು ಕಾಣಬೇಕೆಂಬ ಒತ್ತಡ ಮನೆಯಿಂದಲೇ ಆರಂಭವಾಗುತ್ತದೆ.

ಈ ಒತ್ತಡಕ್ಕೆ ಮದ್ದು ನಮ್ಮ ಅಂಗಳದಲ್ಲೇ ಇದೆ. ಬ್ಯಾಸ್ಕೆಟ್‌ಬಾಲ್ ಅಂಕಣವಿಲ್ಲದ ಊರಿನಲ್ಲೂ ಎರಡು ಕಂಬ ನೆಟ್ಟು ಖೋ-ಖೋ ಆಡಬಹುದು. ಅಲ್ಲಿಯೂ ತಂಡಕ್ಕೆ ಒಂಬತ್ತು ಜನ. ಅಟ್ಟುವವನು ಹಿಡಿದ ದಿಕ್ಕನ್ನು ಕಂಬ ತಲುಪುವವರೆಗೆ ಬದಲಿಸುವಂತಿಲ್ಲ, ನಡುವಿನ ಪಟ್ಟಿಯನ್ನು ದಾಟುವಂತಿಲ್ಲ. ಓಟಗಾರ ಆಚೆ ಬದಿಗೆ ನುಸುಳಿದರೆ, ಆಚೆಗೆ ಮುಖ ಮಾಡಿ ಕುಳಿತ ಜೊತೆಗಾರನ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ತಾನು ಅವನ ಜಾಗದಲ್ಲಿ ಕೂರಬೇಕು. ನೈಸ್ಮಿತ್‌ರ ಮೂರನೆಯ ನಿಯಮದಲ್ಲಿ ಚೆಂಡು ಕೈಬಿಡುವುದಿದೆ. ಇಲ್ಲಿ ಎದ್ದು ನಿಂತ ಸ್ಥಾನವನ್ನೇ ಬಿಟ್ಟು ನೆಲಕ್ಕಿಳಿಯುವುದಿದೆ. ಈ ಆಟವನ್ನು ಯಾವ ಪಾದ್ರಿಯೂ ರೂಪಿಸಲಿಲ್ಲ. ದೇವರ ಕೃಪೆ ನಮ್ಮ ಬೇಲಿಯೊಳಗೆ ಮಾತ್ರ ಬೆಳೆಯುವ ಬೆಳೆಯಲ್ಲವೆಂಬುದನ್ನು ಇದು ನೆನಪಿಸುತ್ತದೆ. ನವದೆಹಲಿಯಲ್ಲಿ 2025ರ ಜನವರಿಯಲ್ಲಿ ನಡೆದ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದಾಗ ಜಗತ್ತು ಕಂಡದ್ದು ಈ ಹಳ್ಳಿಯಾಟವನ್ನೇ.

ಪ್ರಿಯ ತಂದೆತಾಯಂದಿರೇ, ಮೈದಾನದಿಂದ ಮರಳಿದ ಮಕ್ಕಳನ್ನು ‘ನೀನು ಎಷ್ಟು ಅಂಕ ಗಳಿಸಿದೆ?’ ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ ‘ಇಂದು ನೀನು ಯಾರಿಗೆ ದಾಟಿಸಿದೆ? ಯಾರು ಕುಳಿತೇ ಇದ್ದರು?’ ಎಂದೂ ಕೇಳಿರಿ. ಧರ್ಮಕೇಂದ್ರದ ಕ್ರೀಡಾದಿನದಂದು ಅತ್ಯುತ್ತಮ ಆಟಗಾರನಿಗೆ ಬಹುಮಾನ ಕೊಡುವಾಗ, ಅವನಿಗೆ ನೆರವಾದವರನ್ನೂ ಹೆಸರಿಟ್ಟು ಕರೆಯಿರಿ. ಪ್ರಾರ್ಥನೆಯಿಂದ ಆರಂಭವಾದ ಆಟ ಹೀಗೆ ಮುಗಿದರೆ ಆ ಪ್ರಾರ್ಥನೆಗೆ ಅರ್ಥ ಬರುತ್ತದೆ.