ಕಿಂಡಿಯಿಲ್ಲದ ಕೋಟೆ

2018ರ ಫೆಬ್ರವರಿ 22ರಂದು ‘ಸ್ಟೆಲಾರಿಸ್’ ಆಟದ 2.0 ಆವೃತ್ತಿ ಬಂತು. ಅವತ್ತು ಆಟಗಾರರ ನಡುವೆ ಎದ್ದ ವಾದ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಹೊರತಂದ ಈ ಕಂಪ್ಯೂಟರ್ ಗೇಮ್‌ನಲ್ಲಿ ಆಟಗಾರ ಒಂದು ಗ್ರಹದಿಂದ ಶುರುಮಾಡಿ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುತ್ತಾನೆ. ಮೊದಲ ಎರಡು ವರ್ಷ ಹಡಗುಗಳಿಗೆ ಮೂರು ಬಗೆಯ ಸಂಚಾರವಿತ್ತು: ಎಟುಕುವಷ್ಟು ದೂರದ ಯಾವ ನಕ್ಷತ್ರಕ್ಕಾದರೂ ನೇರ ಹಾರುವ ವಾರ್ಪ್, ನಿಲ್ದಾಣ ಕಟ್ಟಿ ಅಲ್ಲಿಂದ ಜಿಗಿಯುವ ವರ್ಮ್‌ಹೋಲ್, ಗೆರೆ ಎಳೆದಂತಿರುವ ದಾರಿಗಳಲ್ಲಷ್ಟೇ ಸಾಗುವ ಹೈಪರ್‌ಲೇನ್. 2.0 ಮೊದಲಿನ ಎರಡನ್ನೂ ಕಿತ್ತುಹಾಕಿ ಎಲ್ಲರನ್ನೂ ಹೈಪರ್‌ಲೇನಿನ ದಾರಿಗೇ ಹಚ್ಚಿತು.

ಹಳೆಯ ಆಟಗಾರರಿಗೆ ಇದು ಆಟದ ಜೀವವನ್ನೇ ಹಿಂಡಿದಂತೆ ಕಂಡಿತು. ಒಂದೊಂದು ಸಾಮ್ರಾಜ್ಯ ಒಂದೊಂದು ರೀತಿಯಲ್ಲಿ ಓಡಾಡುತ್ತಿದ್ದುದೇ ಈ ಆಟದ ವಿಶೇಷ, ಅದನ್ನು ತೆಗೆದ ಮೇಲೆ ಉಳಿದವುಗಳಿಗೂ ಇದಕ್ಕೂ ವ್ಯತ್ಯಾಸವೇನು ಎಂದು ಕೇಳಿದರು. ಬಾಹ್ಯಾಕಾಶದಲ್ಲಿ ರಸ್ತೆ ಎಲ್ಲಿಂದ ಬಂತು ಎಂಬುದು ಅವರ ಇನ್ನೊಂದು ಪ್ರಶ್ನೆ. ಹಿರಿಯೂರಿನ ನನ್ನ ಗೆಳೆಯ ಇವತ್ತಿಗೂ ಈ ಪಕ್ಷದವನೇ. ಹಳೆಯ ಆವೃತ್ತಿಗೆ ಮರಳುವ ದಾರಿಯನ್ನು ಸಂಸ್ಥೆ ತೆರೆದಿಟ್ಟಿರುವುದರಿಂದ ಆಗಾಗ ಅಲ್ಲಿಗೇ ಹೋಗಿ ಆಡುತ್ತಾನೆ.

ನಾನು ಆ ಪಕ್ಷದಲ್ಲಿಲ್ಲ. ಚಿತ್ರದುರ್ಗದಲ್ಲಿ ಬೆಳೆದವನಿಗೆ ಆ ಪಕ್ಷ ಸೇರುವುದು ಕಷ್ಟ. ಹಳೆಯ ಸ್ಟೆಲಾರಿಸ್‌ನಲ್ಲಿ ಗಡಿಯಲ್ಲಿ ಎಷ್ಟು ಕೋಟೆ ಕಟ್ಟಿದರೂ ವೈರಿಯ ದಂಡು ಅದರ ತಲೆಯ ಮೇಲೇ ಹಾರಿ ಹಿತ್ತಲಿಗೆ ಬಂದಿಳಿಯುತ್ತಿತ್ತು. ಯುದ್ಧವೆಂದರೆ ಇಡೀ ನೌಕಾಪಡೆಯನ್ನು ಒಂದೇ ಗುಂಪು ಮಾಡಿಕೊಂಡು ವೈರಿಯ ಗುಂಪನ್ನು ಅಟ್ಟಿಸಿಕೊಂಡು ಹೋಗುವುದು, ಅಷ್ಟೆ. ನೆಲವೇ ಇಲ್ಲದ ಕಡೆ ತಂತ್ರಕ್ಕೆ ಕೆಲಸವಿಲ್ಲ. ನಮ್ಮ ಏಳು ಸುತ್ತಿನ ಕೋಟೆಯನ್ನು ನೋಡಿದವರಿಗೆ ಇದು ಗೊತ್ತು. ಅದರ ಗೋಡೆ ಎಲ್ಲೂ ನೇರಕ್ಕೆ ಓಡುವುದಿಲ್ಲ. ಬಂಡೆಯಿಂದ ಬಂಡೆಗೆ, ಎಲ್ಲಿ ತೆರಪಿದೆಯೋ ಅಲ್ಲಿ ಮಾತ್ರ ಕಲ್ಲು ಕೂತಿದೆ. ಉಳಿದದ್ದನ್ನು ಬೆಟ್ಟವೇ ಕಾದಿದೆ. ಬಾಗಿಲುಗಳ ದಾರಿಯೂ ಅಡ್ಡತಿರುವು, ಆನೆ ಓಡಿಬಂದು ಕದಕ್ಕೆ ಗುಮ್ಮಲು ಜಾಗ ಸಿಗದ ಹಾಗೆ.

2.0 ತಂದದ್ದು ಈ ಬುದ್ಧಿಯನ್ನೇ. ನಾಲ್ಕು ದಿಕ್ಕಿನ ದಾರಿಗಳು ಒಂದು ನಕ್ಷತ್ರದಲ್ಲಿ ಬಂದು ಕೂಡಿದರೆ ಅದೇ ಕಣಿವೆ. ಅಲ್ಲಿ ನಿಲ್ದಾಣ ಕಟ್ಟಿ, ಸಂಚಾರ ತಡೆಯುವ ಇನ್‌ಹಿಬಿಟರ್ ಕೂರಿಸಿದರೆ ಒಳಬಂದ ವೈರಿ ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಇಲ್ಲವೇ ಆ ನಿಲ್ದಾಣವನ್ನು ಗೆಲ್ಲಬೇಕು. ನನ್ನ ಒಂದು ಆಟದಲ್ಲಿ ನನಗಿಂತ ಎರಡು ಪಟ್ಟು ಬಲದ ನೆರೆಯವನು ಇಂಥ ಒಂದು ನಿಲ್ದಾಣದೆದುರು ಬಂದು ನಿಂತ. ನನ್ನ ಹಡಗುಗಳು ಇನ್ನೊಂದು ಗಡಿಯಲ್ಲಿದ್ದವು. ನಿಲ್ದಾಣದ ಕವಚದ ಪಟ್ಟಿ ಚೂರುಚೂರೇ ಇಳಿಯುತ್ತಿತ್ತು, ನನ್ನ ಪಡೆ ನಕ್ಷತ್ರದಿಂದ ನಕ್ಷತ್ರಕ್ಕೆ ತೆವಳುತ್ತಿತ್ತು. ದೂರ, ದಾರಿ, ಕಾಲ ಮೂರೂ ಲೆಕ್ಕಕ್ಕೆ ಬಂದ ಆ ಹೊತ್ತಿನ ಆತಂಕವನ್ನು ವಾರ್ಪ್ ಕಾಲದ ಸ್ಟೆಲಾರಿಸ್ ನನಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಹಾಗೆಂದು ಈ ಕೋಟೆಗಳು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನನ್ನ ತಕರಾರು ಹಳೆಯ ಆಟಗಾರರದ್ದಲ್ಲ, ಬೇರೆಯದೇ.

ದುರ್ಗದ ಕೋಟೆಯ ಬಗ್ಗೆ ಮಕ್ಕಳಿಗೂ ಗೊತ್ತಿರುವ ಕಥೆ ಅದರ ಗೋಡೆಯದ್ದಲ್ಲ, ಕಿಂಡಿಯದ್ದು. ಎರಡು ಬಂಡೆಗಳ ನಡುವಿನ ಆ ಸಂದಿನಲ್ಲಿ ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ನುಸುಳಬಹುದು, ಇಬ್ಬರು ಒಟ್ಟಿಗೆ ಆಗದು. ಹೈದರಾಲಿಯ ಸೈನಿಕರು ಅಲ್ಲಿಂದ ಒಬ್ಬೊಬ್ಬರಾಗಿ ತೂರುತ್ತಿದ್ದಾಗ, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ನೀರಿಗೆ ಬಂದ ಓಬವ್ವ ಒನಕೆ ಹಿಡಿದು ನಿಂತಳು. ದಂಡಿನ ಲೆಕ್ಕದಲ್ಲಿ ಅವಳಿರಲಿಲ್ಲ, ಕೋಟೆಯ ಲೆಕ್ಕದಲ್ಲಿ ಕಿಂಡಿ ಇರಲಿಲ್ಲ. ಕೊನೆಗೆ 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ಮದಕರಿ ನಾಯಕ ಸೆರೆಯಾದ. ಆದರೂ ಈ ಊರು ಎದೆಯಲ್ಲಿಟ್ಟುಕೊಂಡಿರುವುದು ಆ ಸಂದಿಯ ಬಾಯಲ್ಲಿ ನಡೆದದ್ದನ್ನು.

ಸ್ಟೆಲಾರಿಸ್‌ನ ಕೋಟೆಗೆ ಕಿಂಡಿಯಿಲ್ಲ. ಅದರ ಬಲವೆಲ್ಲ ಪರದೆಯ ಮೇಲಿನ ಒಂದು ಅಂಕಿ, ನಿಮ್ಮ ಪಡೆಯದ್ದೂ ಇನ್ನೊಂದು ಅಂಕಿ. ಶಸ್ತ್ರ, ಕವಚಗಳ ಹೊಂದಾಣಿಕೆ ಸ್ವಲ್ಪ ಆಚೀಚೆ ಮಾಡಬಹುದು. ಆಮೇಲೆ ದೊಡ್ಡ ಅಂಕಿ ಸಣ್ಣ ಅಂಕಿಯನ್ನು ನುಂಗುತ್ತದೆ. ಆಟದ ಕೊನೆಯ ಭಾಗದಲ್ಲಿ ಸಿಗುವ ಜಂಪ್ ಡ್ರೈವ್ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅದರಿಂದ ಕೋಟೆಯನ್ನು ಹಾರಿ ದಾಟಬಹುದು, ಹಾರಿದ ಮೇಲೆ ಪಡೆ ಕೆಲಕಾಲ ಬಲಗುಂದಿರುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಅದು ಎಲ್ಲರಿಗೂ ಗೊತ್ತಿರುವ, ಯಾರು ಬೇಕಾದರೂ ಸಂಶೋಧಿಸಿ ಪಡೆಯಬಹುದಾದ ಯಂತ್ರ. ಕಿಂಡಿಯೆಂದರೆ ಕಟ್ಟಿದವನ ಕಣ್ಣು ತಪ್ಪಿದ್ದು, ನೋಡುವ ತಾಳ್ಮೆ ಇದ್ದವನಿಗೆ ಮಾತ್ರ ಸಿಗುವಂಥದ್ದು.

ಇದನ್ನು ತರುವ ಅವಕಾಶ ಆಟಕ್ಕೆ ಒಮ್ಮೆ ಒದಗಿತ್ತು. 2021ರ ಏಪ್ರಿಲ್‌ನಲ್ಲಿ ಬಂದ ‘ನೆಮೆಸಿಸ್’ ವಿಸ್ತರಣೆಯ ಜೊತೆಗೆ ಬೇಹುಗಾರಿಕೆ ಬಂತು. ವೈರಿಯ ರಾಜ್ಯದೊಳಗೆ ಜಾಲ ನೇಯುವುದು, ಗುಟ್ಟು ಕದಿಯುವುದು, ನಿಲ್ದಾಣದ ಒಂದು ಭಾಗವನ್ನು ಹಾಳುಗೆಡವುವುದು ಎಲ್ಲವೂ ಪಟ್ಟಿಯಲ್ಲಿದ್ದವು. ಆಟಗಾರರು ಅರೆಮನಸ್ಸಿನಿಂದಲೇ ಅದನ್ನು ಬರಮಾಡಿಕೊಂಡರು. ವರ್ಷಗಟ್ಟಲೆ ಜಾಲ ಬೆಳೆಸಿ ಕೊನೆಗೆ ಸಿಗುವ ಫಲ ಇಷ್ಟೇ ಇಷ್ಟು ಎಂಬುದು ಹೆಚ್ಚಿನವರ ಮಾತು, ನನ್ನದೂ ಅದೇ. ಮುತ್ತಿಗೆ ಹಾಕಿದ ಪಡೆಗೆ ಬಾಗಿಲು ತೆರೆಯುವ ಒಬ್ಬ ಅಧಿಕಾರಿ, ಕಾವಲು ಬದಲಾಗುವ ಹೊತ್ತಿನ ಒಂದು ಮಾಹಿತಿ, ಇಂಥದ್ದೇನಾದರೂ ಆ ಪಟ್ಟಿಯಲ್ಲಿದ್ದಿದ್ದರೆ ಆಟದ ಯುದ್ಧಕ್ಕೇ ಬೇರೆ ರುಚಿ ಬರುತ್ತಿತ್ತು.

ನನ್ನ ಗೆಳೆಯ ಇನ್ನೊಂದು ಮಾತು ಹೇಳುತ್ತಾನೆ, ಅದನ್ನು ನಾನು ತಳ್ಳಿಹಾಕಲಾರೆ. ಅವನ ಊರಿನ ಪಕ್ಕದಲ್ಲೇ ಮಾರಿ ಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿ ಹಾದುಹೋಗುವ ಜಾಗಕ್ಕೆ, 1898ರಿಂದ 1907ರವರೆಗೆ ಮೈಸೂರು ಸಂಸ್ಥಾನ ಅಡ್ಡಗೋಡೆ ಕಟ್ಟಿತು. ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಗೆ ಚಾಚಿದೆ. 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ಅವತ್ತು ಹಿರಿಯೂರಿನ ಜನ ಜಾತ್ರೆಗೆ ಹೋದಂತೆ ನೋಡಲು ಹೋದರು. ಕಣಿವೆಗೆ ಗೋಡೆ ಹಾಕುವುದೆಂದರೆ ವೈರಿಯನ್ನು ತಡೆಯುವುದು ಮಾತ್ರವಲ್ಲ, ನೀರನ್ನೂ ನಿಲ್ಲಿಸಬಹುದು ಎನ್ನುತ್ತಾನೆ ಅವನು. ಸ್ಟೆಲಾರಿಸ್‌ನಲ್ಲಿ ಕಣಿವೆಯಂಥ ನಕ್ಷತ್ರ ಸಿಕ್ಕರೆ ಆಟಗಾರನಿಗೆ ಹೊಳೆಯುವುದು ಫಿರಂಗಿ ಒಂದೇ. 2017ರ ‘ಯುಟೋಪಿಯಾ’ ವಿಸ್ತರಣೆ ತಂದ ಡೈಸನ್ ಗೋಳ, ಉಂಗುರ ಲೋಕಗಳಂಥ ಮಹಾನಿರ್ಮಾಣಗಳು ಕಣ್ಣಿಗೆ ಹಬ್ಬ, ನಿಜ. ಆದರೆ ಅವು ಎಲ್ಲಿ ನಿಂತವು ಎಂಬುದರಿಂದ ಸುತ್ತಲಿನ ಊರುಗಳ ಬದುಕು ಬದಲಾಗುವುದಿಲ್ಲ. ನೆಲದ ಬೆಲೆಯನ್ನು ಯುದ್ಧಕ್ಕೆ ಮಾತ್ರ ಕಲಿಸಿ, ಕಟ್ಟುವ ಕೆಲಸಕ್ಕೆ ಕಲಿಸದೆ ಬಿಟ್ಟದ್ದು 2.0ರ ದೊಡ್ಡ ಕೊರತೆ.

ಉಳಿದ ದೂರುಗಳಲ್ಲಿ ಎಲ್ಲ ಆಟಗಾರರೂ ಒಂದೇ ದನಿ. ಆಟ ಮುಂದುವರಿದಂತೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. 2018ರ ಡಿಸೆಂಬರ್‌ನ 2.2 ಆವೃತ್ತಿ ಪ್ರತಿ ಪ್ರಜೆಗೂ ಒಂದು ಉದ್ಯೋಗ ಹುಡುಕುವ ಪದ್ಧತಿ ತಂದ ಮೇಲೆ ಈ ಲೆಕ್ಕದ ಭಾರ ವಿಪರೀತವಾಯಿತು. ಅದನ್ನು ಇಳಿಸಲೆಂದು 2025ರ ಮೇ ತಿಂಗಳಲ್ಲಿ ಬಂದ 4.0 ಪ್ರಜೆಗಳನ್ನು ಗುಂಪುಗುಂಪಾಗಿ ಎಣಿಸತೊಡಗಿತು. ಬಂದ ಹೊಸದರಲ್ಲಿ ಅದರ ತುಂಬ ದೋಷಗಳಿದ್ದು ಆಟಗಾರರ ಸಿಟ್ಟಿಗೆ ಗುರಿಯಾಯಿತು. ವಿಸ್ತರಣೆಗಳನ್ನೆಲ್ಲ ಕೊಳ್ಳಹೊರಟರೆ ಮೂಲ ಆಟದ ಬೆಲೆಯನ್ನು ಎಷ್ಟೋ ಸಲ ಮೀರುತ್ತದೆ. ಆಟದ ಪಠ್ಯವಂತೂ ಒಂದು ಪುಸ್ತಕದಷ್ಟಿದೆ, ಕನ್ನಡದಲ್ಲಿಲ್ಲ. ಹೊಳಲ್ಕೆರೆಯ ಕನ್ನಡ ಶಾಲೆಯ ಹುಡುಗಿಗೆ ಇದರ ಸೊಗಸಾದ ಪುಟ್ಟ ಕಥೆಗಳು, ಸತ್ತ ನಾಗರಿಕತೆಗಳ ಅವಶೇಷಗಳು, ತಿಳಿಯದ ಸಂಕೇತಗಳು ಎಟುಕುವುದಿಲ್ಲ ಎಂಬುದು ನನಗೆ ಈ ಎಲ್ಲ ದೋಷಗಳಿಗಿಂತ ಹೆಚ್ಚು ಬೇಸರ ತರುತ್ತದೆ.

ಕೊಳ್ಳುವ ಮನಸ್ಸಿದ್ದವರು ರಿಯಾಯಿತಿ ಕಾದು ಮೂಲ ಆಟವನ್ನಷ್ಟೇ ಕೊಂಡರೆ ಸಾಕು. ಬೇಕೆನಿಸಿದರೆ ಆಮೇಲೆ ‘ಯುಟೋಪಿಯಾ’. ಆಟ ಶುರುಮಾಡುವಾಗ ಹೈಪರ್‌ಲೇನ್‌ಗಳ ಸಾಂದ್ರತೆಯನ್ನು ಆರಿಸುವ ಒಂದು ಪಟ್ಟಿ ಬರುತ್ತದೆ. ಹೆಚ್ಚಿಸಿದರೆ ದಾರಿಗಳು ಹೆಣೆದುಕೊಂಡು ಬಯಲಾಗುತ್ತದೆ, ಇಳಿಸಿದರೆ ಕಣಿವೆಗಳು ಹುಟ್ಟುತ್ತವೆ. ಗ್ರಹಗಳ ಸಂಖ್ಯೆಯನ್ನೂ ನಕ್ಷತ್ರಪುಂಜದ ಗಾತ್ರವನ್ನೂ ಕಡಿಮೆ ಇಟ್ಟುಕೊಂಡು, ದಾರಿಗಳನ್ನು ಆದಷ್ಟು ವಿರಳ ಮಾಡಿ ಆಡಿ. ಹಳೆಯ ಲ್ಯಾಪ್‌ಟಾಪೂ ತಡೆದುಕೊಳ್ಳುತ್ತದೆ, ಎಲ್ಲಿ ಗೋಡೆ ಕಟ್ಟಬೇಕೆಂಬ ಪ್ರಶ್ನೆ ಮೊದಲ ಅರ್ಧ ಗಂಟೆಯಲ್ಲೇ ಎದುರಾಗುತ್ತದೆ.