ಅರ್ಧ ಮಾಡುತ್ತ ಏರುವ ಲೆಕ್ಕ

ಕರ್ಜಗಿಯ ಮನೆಯ ಪಡಸಾಲೆಯಲ್ಲಿ ಮೊಮ್ಮಗಳಿಗೆ ಪೈಥಾನ್ ಹೇಳಿಕೊಡುತ್ತಿದ್ದೆ. ಶಾಲೆಯಲ್ಲಿ ಘಾತಾಂಕದ ಪಾಠ ಆಗಷ್ಟೇ ಮುಗಿದಿತ್ತು. 2^10 ಎಂದು ಒತ್ತಿದಳು. ಪರದೆಯ ಮೇಲೆ ಬಂದದ್ದು 8.

"ಅಜ್ಜಾ, ಇದಕ್ಕ ಲೆಕ್ಕಾನ ಬರೂದಿಲ್ಲೇನು?"

ಬರುತ್ತದೆ. ಆದರೆ ಪೈಥಾನಿನಲ್ಲಿ ಆ ಟೋಪಿ ಚಿಹ್ನೆಯ ಕೆಲಸವೇ ಬೇರೆ. ಎರಡೂ ಸಂಖ್ಯೆಗಳನ್ನು ಸೊನ್ನೆ, ಒಂದುಗಳಲ್ಲಿ ಬರೆದು, ಅಂಕಿ ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಇಡುತ್ತದೆ. 0010 ಮತ್ತು 1010 ಸೇರಿ 1000, ಅಂದರೆ 8. ಘಾತಕ್ಕೆ ಎರಡು ನಕ್ಷತ್ರ ಬೇಕು: 2**10 ಎಂದರೆ 1024. 2**100 ಕೇಳಿದರೂ 31 ಅಂಕಿಗಳನ್ನು ಒಂದೂ ಬಿಡದೆ ಕೊಡುತ್ತದೆ.

ಉತ್ತರ ಬಂತೆಂದು ಅಲ್ಲಿಗೇ ಏಳಲು ನನಗೆ ಮನಸ್ಸಾಗುವುದಿಲ್ಲ. ನಕ್ಷತ್ರ ಮುಟ್ಟದೆ 2ರ 13ನೇ ಘಾತ ತೆಗೆ ಎಂದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋದಳು, ಹನ್ನೆರಡು ಸಲ. ಸರಿಯೇ. ಆದರೆ ಅದಕ್ಕಿಂತ ಚೆಂದದ ದಾರಿಯೊಂದು ನಮ್ಮ ನಾಡಿನಲ್ಲೇ ಇದೆ.

ಒಂಬತ್ತನೇ ಶತಮಾನದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ರಾಷ್ಟ್ರಕೂಟ ಅಮೋಘವರ್ಷನನ್ನು ಹೊಗಳುತ್ತಾರೆ. ಆ ಅರಸನ ದಂಡನಾಯಕ ಬಂಕೆಯನ ಹೆಸರು ಹೊತ್ತ ಬಂಕಾಪುರ ನಮ್ಮ ಹಾವೇರಿ ಜಿಲ್ಲೆಯದೇ. ಗುಣೋತ್ತರ ಶ್ರೇಢಿಯ ಲೆಕ್ಕಕ್ಕೆ ಆಚಾರ್ಯರು ಹೇಳುವ ಕ್ರಮ ಇದು: ಪದಗಳ ಎಣಿಕೆ ಸಮವಿದ್ದರೆ ಅರ್ಧ ಮಾಡು, ಬೆಸವಿದ್ದರೆ ಒಂದು ಕಳೆ, ಹಿಂದಿರುಗುವಾಗ ಅರ್ಧ ಮಾಡಿದಲ್ಲಿ ವರ್ಗ ಮಾಡು, ಒಂದು ಕಳೆದಲ್ಲಿ ಗುಣಿಸು. ಇನ್ನೂ ಹಿಂದೆ ಪಿಂಗಲನ ಛಂದಶ್ಶಾಸ್ತ್ರದಲ್ಲಿ, ಲಘು ಗುರುಗಳಿಂದ ಎಷ್ಟು ವೃತ್ತಗಳಾಗುತ್ತವೆ ಎಂದು ಎಣಿಸಲು ಇದೇ ಜಾಣತನವಿದೆ. ಪದ್ಯ ಕಟ್ಟುವವರಿಗೆ ಬೇಕಾಗಿ ಹುಟ್ಟಿದ ಲೆಕ್ಕ ಇಂದು ಕಂಪ್ಯೂಟರಿನ ಒಳಗೆ ಓಡುತ್ತಿದೆ ಎಂಬುದು ನನಗೆ ಎಂದೂ ಹಳತಾಗದ ಸಂತೋಷ.

ಹದಿಮೂರನ್ನೇ ಹಾಳೆಯ ಮೇಲೆ ಇಳಿಸಿದೆವು: 13, 12, 6, 3, 2, 1. ಈಗ ಮೇಲೇರಬೇಕು. 2ರಿಂದ ಹೊರಟು ವರ್ಗ ಮಾಡಿದರೆ 4, ಎರಡರಿಂದ ಗುಣಿಸಿದರೆ 8, ವರ್ಗ 64, ಮತ್ತೆ ವರ್ಗ 4096, ಕೊನೆಗೆ ಎರಡರಿಂದ ಗುಣಿಸಿ 8192. ಐದೇ ಗುಣಾಕಾರ.

ಪೈಥಾನಿನಲ್ಲಿ ಇದನ್ನು ಬರೆಯಲು ಒಂದು 'ವೈಲ್' ಸುತ್ತು, ಒಂದು 'ಇಫ್' ಸಾಕು. ಸಂಜೆಯೊಳಗೆ ಅವಳೇ ಬರೆದಳು. ನೂರನೇ ಘಾತಕ್ಕೆ ಎಣಿಸಿ ನೋಡಿದಳು: ತೊಂಬತ್ತೊಂಬತ್ತರ ಬದಲು ಎಂಟು. ತುಸು ಹೊತ್ತು ಸುಮ್ಮನಿದ್ದು, 2 ಅಳಿಸಿ 3 ಹಾಕಿದಳು. ಉತ್ತರ ಬಹಳ ಉದ್ದವಾಯಿತು. ಗುಣಾಕಾರ ಮಾತ್ರ ಆಗಲೂ ಎಂಟೇ.